ರೊಕ್ಕ ತಂತಿಗೋ, ದನಿಗೋ?

(ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ವಚನ ಗಾಯನ ಬಳಗಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಶ್ರಾವಣ ಬಂತೆಂದರೆ ನಮ್ಮ ಮಠಗಳಲ್ಲಿ ತಿಂಗಳಿಡೀ ಪ್ರವಚನ, ಅದಕ್ಕೆ ಮೊದಲು ವಚನ ಗಾಯನ. ಹಾರ್ಮೋನಿಯಂ ಹೊತ್ತುಕೊಂಡು ನಾನು ಈ ಮೂರೂ ತಾಲ್ಲೂಕುಗಳ ಊರೂರು ತಿರುಗುತ್ತೇನೆ. ಈಚೆಗೆ ಗಾಯಕರು ಕೂಡಿದಲ್ಲಿ ರಾಗದ ಮಾತಿಗಿಂತ ವೈರಿನ ಮಾತೇ ಹೆಚ್ಚು. “ಪಿನ್ನಿಗೆ ಚಿನ್ನದ ಲೇಪ ಐತ್ರಿ, ಆಮ್ಲಜನಕ ತಗದ ತಾಮ್ರ ಐತ್ರಿ, ದನಿ ಜೇನಾಗತೈತಿ” ಎಂದು ಮಾರುವವರು ಹೇಳುತ್ತಾರೆ. ನೂರುಗಳಲ್ಲಿ ಮುಗಿಯುವ ವೈರಿಗೆ ಸಾವಿರಗಟ್ಟಲೆ ಬೆಲೆ. ಆ ರೊಕ್ಕ ಯಾರದು? ಭಕ್ತರು ಬೆವರು ಸುರಿಸಿ ಗಳಿಸಿ ದಾಸೋಹಕ್ಕೆ ಕೊಟ್ಟದ್ದು. ಆದ್ದರಿಂದ ಈ ಮಾತು ಮಠದಲ್ಲಿಯೇ ಆಗಬೇಕು.

ಚಿನ್ನಕ್ಕೆ ಕಿಲುಬು ಹಿಡಿಯುವುದಿಲ್ಲ, ನಿಜ. ಪಿನ್ನು ಬಹುಕಾಲ ಚೊಕ್ಕಟವಾಗಿರುತ್ತದೆ. ಆದರೆ ವಿದ್ಯುತ್ತನ್ನು ಸಾಗಿಸುವುದರಲ್ಲಿ ಚಿನ್ನಕ್ಕಿಂತ ತಾಮ್ರವೇ ಮುಂದು. ಇನ್ನು ಆಮ್ಲಜನಕ ತೆಗೆದ ತಾಮ್ರಕ್ಕೂ ಮನೆಯ ವೈರಿಂಗಿನ ಒಳ್ಳೆಯ ತಾಮ್ರಕ್ಕೂ ಆ ಗುಣದಲ್ಲಿ ಇರುವ ಅಂತರ ನೂರಕ್ಕೆ ಒಂದರ ಆಸುಪಾಸು. ಲೆಕ್ಕ ನೋಡಿ: 1.5 ಚದರ ಮಿ.ಮೀ. ದಪ್ಪದ ಸಾಮಾನ್ಯ ತಾಮ್ರದ ವೈರನ್ನು ಸ್ಪೀಕರಿಗೆ 10 ಮೀಟರ್ ಎಳೆದರೆ, ಹೋಗಿಬರುವ ಎರಡೂ ಎಳೆ ಸೇರಿ ಅದರ ತಡೆ ಸುಮಾರು 0.23 ಓಮ್. ಸ್ಪೀಕರಿನದು 8 ಓಮ್. ನೂರಕ್ಕೆ ಮೂರು ಪಾಲೂ ಇಲ್ಲದ ಆ ನಷ್ಟವನ್ನು ಯಾವ ಕಿವಿಯೂ ಹಿಡಿಯಲಾರದು. ದೂರ ಹೆಚ್ಚಿದರೆ 2.5ರ ವೈರು ಹಾಕಿ, ಸಾಕು.

ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ವೈರು ಬೇಡ. ಬೆಸುಗೆ ಸಡಿಲಾದರೆ ಕರಕರ ಎನ್ನುತ್ತದೆ. ಅದನ್ನು ಬೆಸೆಯುವುದನ್ನು ನಮ್ಮ ಹುಡುಗರು ಕಲಿಯಲಿ, ಅದೂ ಕಾಯಕವೇ. ದನಿ ನಿಜವಾಗಿ ಬದಲಾಗುವುದು ಬಿಟ್ಟಿ ಕೆಲಸಗಳಿಂದ. ಬಾಯಿಂದ 12 ಇಂಚು ದೂರವಿದ್ದ ಮೈಕನ್ನು 6 ಇಂಚಿಗೆ ತನ್ನಿ, ಅದಕ್ಕೆ ತಾಗುವ ದನಿಯ ಒತ್ತಡ ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಸ್ಪೀಕರುಗಳನ್ನು ಗಾಯಕರಿಗಿಂತ ಮುಂದಕ್ಕೆ, ಜನರ ಕಡೆ ಮುಖಮಾಡಿ ಇಡಿ, ಮೈಕು ಸೀಟಿ ಹೊಡೆಯುವುದು ಕಡಿಮೆಯಾಗುತ್ತದೆ. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಮೈಕು ಇಂದಿಗೂ ಜಗತ್ತಿನ ವೇದಿಕೆಗಳ ಮೇಲಿದೆ. ಹೊಸತೆಂದ ಮಾತ್ರಕ್ಕೆ ಹೆಚ್ಚಿನದಲ್ಲ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಗುಂಯ್ ಎನ್ನುವ ಸದ್ದು ನಿಲ್ಲಲೆಂದು ಪ್ಲಗ್ಗಿನ ಅರ್ಥ್ ಕಡ್ಡಿಯನ್ನೇ ಮುರಿಯುವವರಿದ್ದಾರೆ. ಶ್ರಾವಣದ ಮಳೆ, ಹಸಿ ನೆಲ, ಬರಿಗಾಲು, ಕೈಯಲ್ಲಿ ಲೋಹದ ಮೈಕು. ಯಂತ್ರದಲ್ಲಿ ದೋಷವಾದರೆ ಹಾಡುವವನಿಗೇ ಕರೆಂಟು ಹೊಡೆಯುತ್ತದೆ. ಚಿನ್ನದ ಪಿನ್ನಿಗೆ ರೊಕ್ಕವಿದ್ದು ಅರ್ಥಿಂಗಿಗೆ ಇಲ್ಲವೆಂದರೆ ಅದು ಯಾವ ಭಕ್ತಿ? ಮೊದಲು ಬಲ್ಲವರನ್ನು ಕರೆಸಿ ಅರ್ಥಿಂಗ್ ಸರಿಮಾಡಿಸಿ.

ನಾನು ಹೇಳಿದೆನೆಂದು ನಂಬಬೇಡಿ. ಬಸವಾದಿ ಶರಣರು ನಮಗೆ ಕಲಿಸಿದ್ದು ಒರೆಗೆ ಹಚ್ಚಿ ನೋಡುವುದನ್ನು. ವೈರು ಮಾರುವವರು ಬಂದಾಗ ನಡುವೆ ಒಂದು ಪರದೆ ಕಟ್ಟಿ. ಒಬ್ಬರು ಮರೆಯಲ್ಲಿ ವೈರು ಬದಲಿಸಲಿ. ಹಾಡು, ಮೈಕು, ದನಿಯ ಮಟ್ಟ ಒಂದೇ ಇರಲಿ. ಈಚೆ ಕುಳಿತವರು ಯಾವುದು ದುಬಾರಿಯದೆಂದು ಹತ್ತು ಸಲ ಚೀಟಿಯಲ್ಲಿ ಬರೆಯಲಿ. ಐದಾರು ಸಲ ಸರಿಯಾದರೆ ಅದು ನಾಣ್ಯ ಚಿಮ್ಮಿದ ಲೆಕ್ಕ; ಹತ್ತಕ್ಕೆ ಹತ್ತು ಸರಿಯಾದರೆ ಆಮೇಲೆ ಖರೀದಿಯ ಮಾತು.

ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಾಯಿ ತಿರುಗಿ ಕಳಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಬೇಕಾದದ್ದೆಷ್ಟು, ಬೇಡದ್ದೆಷ್ಟು ಎಂದು ಆ ತಾಯಿ ಅಳೆದಳು. ನಾವೂ ಅಳೆಯೋಣ. ಉಳಿದ ರೊಕ್ಕದಲ್ಲಿ ಹಳ್ಳಿಯ ನಾಲ್ಕು ಮಕ್ಕಳಿಗೆ ತಬಲಾ ಕಲಿಸೋಣ, ಹರಿದ ಹಾರ್ಮೋನಿಯಂ ತಿದಿ ಹೊಲಿಸೋಣ. ವಚನದ ಒಂದೊಂದು ಶಬ್ದವೂ ಕೊನೆಯ ಸಾಲಿನಲ್ಲಿ ಕುಳಿತ ಅಜ್ಜಿಗೆ ತಿಳಿಯುವಂತೆ ಕೇಳಿಸಿದರೆ ನಮ್ಮ ಧ್ವನಿವರ್ಧಕ ಸಾರ್ಥಕ.