ಪೆಟ್ಟಿಗೆಯೊಳಗಿನ ಸಣ್ಣ ರೈಲು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತು)



ಮಿಲ್ಲಿನಲ್ಲಿ ಹಾಜರಿ ಪುಸ್ತಕ ಬರೆಯುವ ನಮ್ಮಂಥವರು ಭಾಷಣಕ್ಕೆ ನಿಲ್ಲುವುದು ಅಪರೂಪ. ಆದರೆ ಬರುವ ಭಾನುವಾರ ಸಮಿತಿಯವರು ಮೇಜಿನ ಮೇಲಿರುವ ಈ ಆರು ಪುಟ್ಟ ಇಂಜಿನುಗಳ ವಿಷಯ ತೀರ್ಮಾನಿಸಬೇಕಾಗಿದೆ. ಮಾರುವುದೋ ಇಟ್ಟುಕೊಳ್ಳುವುದೋ ಎಂದು ಕೈಯೆತ್ತುವ ಮೊದಲು ಅವು ಏನೆಂಬುದು ಎಲ್ಲರಿಗೂ ತಿಳಿದಿರಲಿ ಎಂದು ನಿಂತಿದ್ದೇವೆ.

ಇವು ನಮ್ಮ ಹಿರಿಯ ಸದಸ್ಯರೊಬ್ಬರವು. ಚಿಕ್ಕಬಳ್ಳಾಪುರದ ಕಡೆಯವರು. 1955ರಲ್ಲಿ ಗುಮಾಸ್ತೆ ಕೆಲಸ ಹುಡುಕಿಕೊಂಡು ಕಲ್ಕತ್ತೆಗೆ ಬಂದವರು ಇಲ್ಲಿಯೇ ನಿಂತರು, ಇಲ್ಲಿಯೇ ತೀರಿಕೊಂಡರು. ಅವರ ಮನೆಯವರು ಒಂದು ತಗಡಿನ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಹೇರಿಸಿಕೊಂಡು ಬಂದು, “ನೋಡುವವರ ನಡುವೆ ಇರಲಿ, ಇಟ್ಟುಕೊಳ್ಳಿರಪ್ಪಾ” ಎಂದು ಹೇಳಿ ಹೋದರು. ಪೆಟ್ಟಿಗೆಯಲ್ಲಿ ಆರು ಇಂಜಿನು, ಅರ್ಧಕ್ಕೆ ನಿಂತ ಒಂದು ಹಿತ್ತಾಳೆಯ ಚೌಕಟ್ಟು, ಮೂರು ನೋಟುಬುಕ್ಕು ಇದ್ದವು.

ಎಲ್ಲವೂ ಸಣ್ಣ ಹಳಿಯ ಇಂಜಿನುಗಳೇ. ಇದಕ್ಕೆ ಕಾರಣವುಂಟು. ಬಾಲಿಗಂಜ್ ಸ್ಟೇಷನ್ನಿನಲ್ಲಿ ನಾವು ದಿನವೂ ಹತ್ತುವ ಗಾಡಿಯ ಹಳಿ ಐದೂವರೆ ಅಡಿ ಅಗಲದ್ದು. ಅವರ ಊರಿನದು ಎರಡೂವರೆ ಅಡಿ. ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿಯೂ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿಯೂ ಆ ರೈಲು ಬಂತು. ಈಗ ಅಲ್ಲಿ ಸಣ್ಣ ಹಳಿ ಇಲ್ಲ; ಕೋಲಾರ–ಚಿಕ್ಕಬಳ್ಳಾಪುರ ದಾರಿ 2013ರಲ್ಲಿ ದೊಡ್ಡ ಹಳಿಯಾಯಿತು. ಕಲ್ಕತ್ತೆಗೆ ಬಂದ ಹುಡುಗನಿಗೆ ಭಾಷೆ ಬೇರೆ, ಊಟ ಬೇರೆ. ಆದರೆ ಕಾಳಿಘಾಟ್–ಫಲ್ತಾ ರೈಲಿನ ಹಳಿ ಮಾತ್ರ ಊರಿನದೇ ಎರಡೂವರೆ ಅಡಿ! 1917ರಲ್ಲಿ ಆರಂಭವಾದ ಆ ರೈಲು ಅವರು ಬಂದ ಎರಡು ವರ್ಷಕ್ಕೆ, 1957ರಲ್ಲಿ, ನಿಂತುಹೋಯಿತು. ಅದರ ದಾರಿಯೇ ಇಂದು ಬೆಹಾಲಾದ ಜೇಮ್ಸ್ ಲಾಂಗ್ ಸರಣಿ. ಆ ಕಡೆ ಕೆಲಸಕ್ಕೆ ಹೋಗುವ ನಮ್ಮವರು ಸತ್ತ ರೈಲಿನ ಬೆನ್ನ ಮೇಲೆಯೇ ಬಸ್ಸಿನಲ್ಲಿ ಹೋಗುತ್ತಿದ್ದಾರೆ.

ಆ ರೈಲು ನಿಲ್ಲುವ ಹೊತ್ತಿಗೆ ಅಳತೆ ತೆಗೆದದ್ದು ಅರ್ಧವೇ ಎಂಬ ಕೊರಗು ಅವರಿಗೆ ಕೊನೆಯವರೆಗೂ ಇತ್ತು. ಮುಂದೆ ಎಚ್ಚರವಾದರು. ಹೌರಾದಿಂದ ಆಮ್ತಾಕ್ಕೆ ಹೋಗುತ್ತಿದ್ದ ಮಾರ್ಟಿನ್ ರೈಲು ಎರಡಡಿ ಹಳಿಯದು, 1897ರದು. 1971ರ ಜನವರಿ 1ರಂದು ಅದು ನಿಂತಿತು. ಅದಕ್ಕೆ ಮೊದಲು ಭಾನುವಾರ ಭಾನುವಾರ ಅಡಿಕೋಲು, ದಾರ, ಪೆನ್ಸಿಲು ಹಿಡಿದು ಹೌರಾಕ್ಕೆ ಹೋಗಿ ಮೆಟ್ಟಿಲು, ದೀಪ, ಚಿಮಣಿ ಎಲ್ಲವನ್ನೂ ಅಳೆದು ಬರೆದರು. ಎರಡನೆಯ ನೋಟುಬುಕ್ಕು ಪೂರ್ತಿ ಅದೇ.

ಮಾದರಿ ಇಂಜಿನು ಕೊಳ್ಳುವವರು ಮೊದಲು ಮೋಸಹೋಗುವುದು ಅಳತೆಯಲ್ಲಿ. ಅಂಗಡಿಯಲ್ಲಿ ಸಿಗುವ 9 ಮಿಲಿಮೀಟರ್ ಹಳಿ, ದೊಡ್ಡ ರೈಲನ್ನು 160ರಲ್ಲೊಂದು ಪಾಲಿಗೆ ಇಳಿಸಿದವರ ಹಳಿ. ಅದರ ಮೇಲೆಯೇ 87ರಲ್ಲೊಂದು ಪಾಲಿನ ಇಂಜಿನು ನಿಲ್ಲಿಸಿದರೆ ಲೆಕ್ಕಕ್ಕೆ 783 ಮಿಲಿಮೀಟರ್ ಆಗುತ್ತದೆ. ನಿಜವಾದ ಎರಡೂವರೆ ಅಡಿ ಎಂದರೆ 762. ಅಷ್ಟು ವ್ಯತ್ಯಾಸ ಕಣ್ಣಿಗೆ ಕಾಣದು. 76ರಲ್ಲೊಂದು ಪಾಲಿನದು ನಿಲ್ಲಿಸಿದರೆ ಎರಡಡಿ ಮೂರಂಗುಲ ಬರುತ್ತದೆ. ಆ ಕಡೆಗೂ ಅಲ್ಲ, ಈ ಕಡೆಗೂ ಅಲ್ಲ. ಆದರೂ ಇಂಗ್ಲೆಂಡಿನಲ್ಲಿ ಬಹಳ ಮಂದಿ ಅದರಲ್ಲಿಯೇ ಎರಡಡಿ ರೈಲು ಮಾಡಿಕೊಂಡು ತೃಪ್ತರಾಗಿದ್ದಾರೆ. ಹೀಗಾಗಿ ಹಳಿ ಕೂಡಿತೆಂದು ಇಂಜಿನು ಕೊಳ್ಳಬಾರದು. ಡ್ರೈವರು ನಿಲ್ಲುವ ಬಾಗಿಲನ್ನು ಅಳೆಯಬೇಕು. ಆರಡಿ ಆಳು ಒಂದರಲ್ಲಿ 24 ಮಿಲಿಮೀಟರ್, ಇನ್ನೊಂದರಲ್ಲಿ 21. ಹಿರಿಯರು ಕೈಯಿಂದ ಮಾಡಿದ ಎರಡಡಿ ಇಂಜಿನುಗಳಿಗೆ ಈ ತೊಡಕೇ ಇಲ್ಲ. ಅಡಿಗೆ 16 ಮಿಲಿಮೀಟರ್ ಎಂದು ಹಿಡಿದು 32 ಮಿಲಿಮೀಟರ್ ಹಳಿಯ ಮೇಲೆ ನಿಲ್ಲಿಸಿದ್ದಾರೆ. ಲೆಕ್ಕ ಸರಿಯಾಗಿ ಎರಡಡಿಗೆ ಕೂತಿದೆ. ಗುಮಾಸ್ತೆಯ ಲೆಕ್ಕ ನೋಡಿ!

ಇನ್ನು ನಮ್ಮ ತಪ್ಪಿನ ವಿಷಯ.

ಈ ಕೊನೆಯದು ಡಾರ್ಜಿಲಿಂಗ್ ರೈಲಿನ ‘ಬಿ’ ದರ್ಜೆಯ ಇಂಜಿನು. 1881ರಲ್ಲಿ ಡಾರ್ಜಿಲಿಂಗ್ ಮುಟ್ಟಿದ ಆ ರೈಲನ್ನು 1999ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗ್ಲಾಸ್ಗೋವಿನ ಶಾರ್ಪ್ ಸ್ಟೂವರ್ಟ್ ಕಂಪನಿ 1889ರಲ್ಲಿ ಈ ದರ್ಜೆಯನ್ನು ಮೊದಲು ಕಟ್ಟಿತು. 1925ರೊಳಗೆ ಒಟ್ಟು 34 ಆದವು. ನಾಲ್ಕೇ ಚಕ್ರ. ಕುದುರೆಯ ಮೇಲೆ ಜೀನು ಹಾಕಿದಂತೆ ಬಾಯ್ಲರಿನ ಮೇಲೆ ನೀರಿನ ತೊಟ್ಟಿ. ಏರಿನಲ್ಲಿ ಚಕ್ರ ಜಾರದಂತೆ ಮುಂಭಾಗದಲ್ಲಿ ಆಳುಗಳು ಕೂತು ಹಳಿಗೆ ಮರಳು ಹಾಕುವರು; ಕಲ್ಲಿದ್ದಲು ಒಡೆದುಕೊಡಲು ಬೇರೆ ಒಬ್ಬನಿರುವನು. ಹಿರಿಯರು ಆ ಆಳುಗಳನ್ನೂ ಮಾಡಿ ಕೂರಿಸಿದ್ದಾರೆ. ಇದ್ದಲು ಬಣ್ಣದ ಕಾಗದವಲ್ಲ, ನಿಜವಾದ ಇದ್ದಲನ್ನೇ ಕುಟ್ಟಿ ಜರಡಿ ಹಿಡಿದು ಅಂಟಿಸಿದ್ದು.

ಪೆಟ್ಟಿಗೆ ಬಂದ ವಾರವೇ ವಾರ್ಷಿಕೋತ್ಸವವಿತ್ತು. ಚೊಕ್ಕಟವಾಗಿ ಕಾಣಲಿ ಎಂದು ಸ್ವಯಂಸೇವಕರಾದ ನಾವೇ ಕೂತು ಸೀಮೆಎಣ್ಣೆ, ಸೋಪು, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಅದನ್ನು ಉಜ್ಜಿದೆವು. ಚಿಮಣಿಯ ಬುಡದ ಮಸಿ ಹೋಯಿತು, ಚಕ್ರದ ಎಣ್ಣೆಜಿಡ್ಡು ಹೋಯಿತು, ಬಾಯ್ಲರಿನ ಪಕ್ಕಕ್ಕೆ ಇಳಿದಿದ್ದ ಬಿಳಿ ಗೀಟುಗಳೂ ಹೋದವು. ಇಂಜಿನು ಹೊಸದರಂತೆ ಹೊಳೆಯಿತು. ಎಲ್ಲರೂ ಮೆಚ್ಚಿದರು. ಹಿರಿಯರ ಮನೆಯವರೂ ಬಂದಿದ್ದರು. ಬಹಳ ಹೊತ್ತು ಬಗ್ಗಿ ನೋಡಿ, “ಏನಪ್ಪಾ, ಇದರ ಬಿಳಿ ಗೀಟು ಎಲ್ಲಿ? ಅದೊಂದಕ್ಕೇ ಅವರು ಎರಡು ತಿಂಗಳು ಕೂತಿದ್ದರು” ಎಂದರು.

ಆ ರಾತ್ರಿ ಮೂರನೆಯ ನೋಟುಬುಕ್ಕು ತೆರೆದೆವು. ಎಲ್ಲ ಅಲ್ಲಿಯೇ ಇತ್ತು. ಬಾಯ್ಲರಿನ ನೀರು ಸೋರಿ ಆರಿದ ಕಡೆ ಲವಣ ಬಿಳಿಯಾಗಿ ಉಳಿಯುತ್ತದೆ. ಅದು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಡಾರ್ಜಿಲಿಂಗಿನಲ್ಲಿ ಕಂಡದ್ದನ್ನು ಚಿತ್ರ ಬರೆದಿಟ್ಟಿದ್ದರು. ನಾವು ಕೊಳೆಯೆಂದು ತೊಳೆದದ್ದು ಅವರ ಕೆಲಸದ ಅತ್ಯಂತ ಕಷ್ಟದ ಭಾಗ. ಮಾರನೆಯ ಸಂಜೆ ಅವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆವು. ಅವರು ಬಯ್ಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೆ ಹಗುರವಾಗುತ್ತಿತ್ತು.

ಆದಕಾರಣ ಇಂಥದನ್ನು ಇಟ್ಟುಕೊಂಡವರಿಗೆ ನಮ್ಮ ಸಲಹೆ: ಒಣಗಿದ ಮೆತ್ತನೆಯ ಕುಂಚದಿಂದ ಧೂಳು ತೆಗೆಯುವುದರಾಚೆ ಏನನ್ನೂ ಮಾಡಬೇಡಿ. ನುಸಿಗುಳಿಗೆ ಹಾಕಬೇಡಿ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ಕು ಮೆತ್ತಗಾಗುತ್ತದೆ. ಸೀಸ ಬೆರೆತ ಬಿಳಿಲೋಹದ ಎರಕಗಳನ್ನು ಮರದ ಅಥವಾ ಪ್ಲೈವುಡ್ಡಿನ ಮುಚ್ಚಿದ ಬೀರುವಿನಲ್ಲಿ ಇಡಲೂ ಬಾರದು. ಮರದಿಂದ ಹೊರಡುವ ಹುಳಿಯ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಕಲ್ಕತ್ತೆಯ ಮಳೆಗಾಲದ ತೇವವಂತೂ ಹೇಳುವುದೇ ಬೇಡ. ಗಾಜಿನ ಬಾಗಿಲಿನ ಸ್ಟೀಲ್ ಬೀರುವೇ ಆಗಬೇಕು.

ಆ ಬೀರುವಿಗೆ ದುಡ್ಡೆಲ್ಲಿ? ಇಲ್ಲಿಗೆ ಮಾತು ಬಂತು. ಹಳೆಯ ಸಾಮಾನಿನ ವರ್ತಕರೊಬ್ಬರು ಆರಕ್ಕೂ ಸೇರಿಸಿ ಬೆಲೆ ಹೇಳಿದ್ದಾರೆ. ಬೀರುವೂ ಬರುತ್ತದೆ, ಪತ್ರಿಕೆಗಳ ಬಾಕಿಯೂ ತೀರುತ್ತದೆ. ಅವರು ಎಲ್ಲಕ್ಕಿಂತ ಹೆಚ್ಚು ಮೆಚ್ಚಿದ್ದು ನಾವು ತೊಳೆದ ಇಂಜಿನನ್ನೇ! ಬಾಕಿಯನ್ನು ಹಗುರವಾಗಿ ತಳ್ಳಿಹಾಕುವವರು ನಾವಲ್ಲ. ಕನ್ನಡ ಪತ್ರಿಕೆಗಾಗಿಯೇ ಕೆಲಸ ಮುಗಿಸಿ ಬೆವರಿಕೊಂಡು ಕಸ್ಬಾಕ್ಕೆ ಬರುವವರ ಮುಖ ದಿನವೂ ನೋಡುತ್ತೇವೆ. ಆದ್ದರಿಂದ ನಮ್ಮ ಸೂಚನೆ ಹೀಗಿದೆ. ಆರರಲ್ಲಿ ಮೂರು ಅಂಗಡಿಯಿಂದ ಕೊಂಡವು, ಡಬ್ಬಿ ಸಮೇತ ಇವೆ. ಅಂಥವು ಬೇರೆಡೆಯೂ ಸಿಗುತ್ತವೆ. ಅವನ್ನು ಮಾರೋಣ. ಬಾಕಿ ಪೂರ್ತಿ ತೀರದು, ಒಂದಷ್ಟು ತೀರುತ್ತದೆ. ಬೀರುವಿಗೆ ನಾವು ಸ್ವಯಂಸೇವಕರು ತಿಂಗಳು ತಿಂಗಳು ಚಂದಾ ಹಾಕುತ್ತೇವೆ. ಫಲ್ತಾ, ಆಮ್ತಾ, ಡಾರ್ಜಿಲಿಂಗ್ ಈ ಮೂರೂ, ನೋಟುಬುಕ್ಕುಗಳೂ ಇಲ್ಲಿಯೇ ಇರಲಿ. ಇದನ್ನು ಹಿರಿಯರ ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ.

ಬಿಳಿ ಗೀಟನ್ನು ಮತ್ತೆ ಬರೆಯಬೇಕೆಂದು ಕೆಲವರೆಂದರು. ಚಿತ್ರ ಇದೆ, ಬಣ್ಣವೂ ಇದೆ. ಆದರೆ ಆ ಕೈ ನಮ್ಮದಲ್ಲವಲ್ಲ. ಸದ್ಯಕ್ಕೆ ತೊಳೆದಂತೆಯೇ ಇರಲಿ ಎಂದಿದ್ದೇವೆ. ಪಕ್ಕದಲ್ಲಿ ನೋಟುಬುಕ್ಕಿನ ಆ ಪುಟವನ್ನು ತೆರೆದಿಡೋಣ.

ಉಳಿದದ್ದು ಈ ಹಿತ್ತಾಳೆಯ ಚೌಕಟ್ಟು. ಇದು ಚಿಕ್ಕಬಳ್ಳಾಪುರದ ಇಂಜಿನು. ಮೊದಲನೆಯ ನೋಟುಬುಕ್ಕಿನಲ್ಲಿ ಇದಕ್ಕೆಂದು ಹನ್ನೊಂದು ಪುಟ ಬಿಟ್ಟಿದ್ದಾರೆ, ನಾಲ್ಕು ಮಾತ್ರ ತುಂಬಿವೆ. ‘ಚಿಮಣಿ’ ಎಂದು ಬರೆದ ಪುಟ ಖಾಲಿ. ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯವರು ನಮ್ಮಲ್ಲಿ ಐದಾರು ಮನೆಯವರಿದ್ದೀರಿ. ಊರಿಗೆ ಹೋದಾಗ ಹಳೆಯ ಟ್ರಂಕಿನಲ್ಲಿ, ಗೋಡೆಯ ಪಟದಲ್ಲಿ ಆ ರೈಲಿನ ಮುಂದೆ ನಿಂತು ತೆಗೆಸಿದ ಫೋಟೋ ಇದ್ದರೆ ದಯವಿಟ್ಟು ತನ್ನಿ. ನೋಡಿ, ಅಳೆದು, ಅಲ್ಲಿಯೇ ಹಿಂದಕ್ಕೆ ಕೊಡುತ್ತೇವೆ. ಭಾನುವಾರ ಸಂಜೆ ಐದರಿಂದ ಏಳರವರೆಗೆ ನಾವು ಇಲ್ಲಿಯೇ ಇರುತ್ತೇವೆ.