ಮುಕ್ತಿಯ ಆನಂದ



ಮುಕ್ತಿಯ ವಿಚಾರವನ್ನು ನಾವು ಗ್ರಂಥಗಳಲ್ಲಿ ಬೇಕಾದಷ್ಟು ಓದಿದ್ದೇವೆ; ಅದನ್ನು ಕಂಡು ನಲಿದವರು ಮಾತ್ರ ವಿರಳ. ಅಂಥವರಲ್ಲಿ ಪಂಡಿತಾ ರಮಾಬಾಯಿಯವರೊಬ್ಬರು. 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಜನಿಸಿದ ಆಕೆ ತಾಯಿಯಿಂದಲೇ ಸಂಸ್ಕೃತವನ್ನು ಕಲಿತರು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡರು. ಕಲ್ಕತ್ತೆಯ ವಿದ್ವಾಂಸರಿಂದ ‘ಸರಸ್ವತಿ’ಯೆಂಬ ಬಿರುದನ್ನು ಪಡೆದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು.

ಆದರೂ ಮನಸ್ಸು ತಣಿಯಲಿಲ್ಲ. ತಮಗೆ ಆಗ ದೊರೆತದ್ದು ಕ್ರೈಸ್ತಮತವೇ ಹೊರತು ಕ್ರಿಸ್ತನಲ್ಲವೆಂದು ಆಕೆಯೇ ಮುಂದೆ ಒಪ್ಪಿಕೊಂಡಿದ್ದಾರೆ. ಸುಮಾರು ಎಂಟು ವರ್ಷಗಳ ತರುವಾಯ, ಪಾಂಡಿತ್ಯವನ್ನಾಗಲಿ ಪುಣ್ಯಕಾರ್ಯವನ್ನಾಗಲಿ ನೆಚ್ಚದೆ, ದೇವರ ಕ್ಷಮೆಯನ್ನು ಬರಿಗೈಯಿಂದ ಸ್ವೀಕರಿಸಿದಾಗ ಆ ಭಾರವಿಳಿದು ಆನಂದವುಂಟಾಯಿತು.

ಆನಂದವು ಎದೆಯೊಳಗೇ ನಿಲ್ಲಲಿಲ್ಲ. 1896-97ರ ಕ್ಷಾಮದಲ್ಲಿ ಮಧ್ಯಪ್ರಾಂತದ ನೂರಾರು ಅನಾಥ ಹೆಣ್ಣುಮಕ್ಕಳನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಆಶ್ರಯವಿತ್ತರು. ಆ ನೆಲೆಗೆ ಇಟ್ಟ ಹೆಸರು ‘ಮುಕ್ತಿ’. ಗ್ರಂಥದಲ್ಲಿದ್ದ ಮಾತು ಅಲ್ಲಿ ಅನ್ನವಾಗಿ, ಸೂರಾಗಿ, ವಿದ್ಯೆಯಾಗಿ ಮೈದಾಳಿತು.

ವಿದ್ಯಾವಂತರಾದ ನಾವು ಮತಗಳನ್ನು ತೂಗಿನೋಡುವುದರಲ್ಲಿ ಚತುರರು. ವಾದದಲ್ಲಿ ಗೆದ್ದು ಮನೆಗೆ ಬಂದಮೇಲೂ ನಮ್ಮ ಅಹಂಕಾರಕ್ಕೆ ಸೆರೆಯಾಳುಗಳಾಗಿಯೇ ಉಳಿಯುತ್ತೇವೆ. ಎಂಟು ವರ್ಷ ಕಾದು, ಕಡೆಗೆ ಕೈಯೊಡ್ಡಿದ ಆ ಪಂಡಿತೆಯ ವಿನಯವು ನಮಗೂ ಲಭಿಸಲಿ.