ಒಂದೇ ಜೀನು: ಒಮ್ಮೆ ರಕ್ಷೆ, ಒಮ್ಮೆ ಕೊರತೆ



ಒಂದೇ ಮನೆಯ ನಾಲ್ವರಿಗೆ ಒಂದೇ ವೈರಸ್ ತಗಲುತ್ತದೆ. ಒಬ್ಬರಿಗೆ ಬರೀ ನೆಗಡಿ. ಇನ್ನೊಬ್ಬರು ಆಸ್ಪತ್ರೆ ಸೇರುತ್ತಾರೆ. ಹೀಗೇಕೆ? ವಯಸ್ಸು, ಪೌಷ್ಟಿಕತೆ, ಮೊದಲೇ ಇರುವ ಕಾಯಿಲೆ, ಲಸಿಕೆ ಇವೆಲ್ಲ ಕಾರಣಗಳೇ. ಇವುಗಳ ಜೊತೆಗೆ ತಂದೆತಾಯಿಗಳಿಂದ ಬಂದ ವಂಶವಾಹಿ, ಅಂದರೆ ಜೀನು ಕೂಡ ಒಂದು ಕಾರಣ. ಅದರ ಬಗ್ಗೆ ಈಗ ವಿಚಾರ ಮಾಡೋಣ.

ವೈರಸ್ಸು ತಾನಾಗಿ ಬೆಳೆಯಲಾರದು. ಅದು ನಮ್ಮ ಜೀವಕೋಶದ ಒಳಹೊಕ್ಕು ಅಲ್ಲಿಯೇ ತನ್ನ ಸಂತತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಒಳಹೋಗಲು ಬಾಗಿಲು ಬೇಕಷ್ಟೆ? ಕೋಶದ ಮೇಲ್ಮೈಯಲ್ಲಿರುವ ಕೆಲವು ಪ್ರೋಟೀನುಗಳೇ ಆ ಬಾಗಿಲು. ಏಡ್ಸ್ ತರುವ ಎಚ್.ಐ.ವಿ.ಯ ಬಹುಪಾಲು ತಳಿಗಳು ಸಿಸಿಆರ್-೫ ಎಂಬ ಪ್ರೋಟೀನಿನ ಮೂಲಕ ಒಳನುಗ್ಗುತ್ತವೆ. ಮತ್ತೆ ಮತ್ತೆ ಈ ವೈರಸ್ಸಿನ ಸಂಪರ್ಕಕ್ಕೆ ಬಂದರೂ ಸೋಂಕು ತಗಲದ ಕೆಲವರನ್ನು ವಿಜ್ಞಾನಿಗಳು ೧೯೯೬ರಲ್ಲಿ ಪರೀಕ್ಷಿಸಿದರು. ಅವರ ಸಿಸಿಆರ್-೫ ಜೀನಿನಲ್ಲಿ ಡಿ.ಎನ್.ಎ.ಯ ೩೨ ಅಕ್ಷರಗಳೇ ಇರಲಿಲ್ಲ! ತಂದೆ, ತಾಯಿ ಇಬ್ಬರಿಂದಲೂ ಇಂಥ ಜೀನು ಬಂದವರಲ್ಲಿ ಈ ಬಾಗಿಲೇ ಇರುವುದಿಲ್ಲ. ಯುರೋಪ್ ಮೂಲದ ಜನರಲ್ಲಿ ಸುಮಾರು ನೂರಕ್ಕೆ ಒಬ್ಬರು ಹೀಗಿದ್ದಾರೆ. ಭಾರತದಲ್ಲಿ ಇದು ತೀರ ವಿರಳ.

ಹಾಗಾದರೆ ಅವರು ಭಾಗ್ಯವಂತರೇ? ಅವಸರ ಬೇಡ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ೧೯೯೯ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಕಾಣಿಸಿಕೊಂಡು, ಮುಂದೆ ಅಮೆರಿಕದ ಉದ್ದಗಲಕ್ಕೂ ವ್ಯಾಪಿಸಿತು. ಈ ರೋಗದಲ್ಲಿ ಬಿಳಿ ರಕ್ತಕಣಗಳು ಮಿದುಳಿಗೆ ಧಾವಿಸಿ ಹೋರಾಡಲು ಅದೇ ಸಿಸಿಆರ್-೫ ನೆರವಾಗುತ್ತದೆ. ಅದಿಲ್ಲದವರಲ್ಲಿ ಈ ಸೋಂಕು ಕಾಯಿಲೆಯಾಗಿ ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂದು ೨೦೦೬ರಲ್ಲಿ ತಿಳಿದುಬಂತು. ಒಂದು ವೈರಸ್ಸಿಗೆ ಮುಚ್ಚಿದ ಬಾಗಿಲು ಇನ್ನೊಂದರ ಎದುರು ಕೊರತೆಯಾಯಿತು.

ಇದು ತಿಳಿದ ಮೇಲೂ ೨೦೧೮ರಲ್ಲಿ ಚೀನದ ವಿಜ್ಞಾನಿಯೊಬ್ಬರು ಭ್ರೂಣಗಳ ಈ ಜೀನನ್ನೇ ತಿದ್ದಿ, ಅವಳಿ ಹೆಣ್ಣುಮಕ್ಕಳು ಜನಿಸಿದ್ದಾರೆಂದು ಸಾರಿದರು. ಜಗತ್ತಿನ ವಿಜ್ಞಾನಿಗಳು ಅದನ್ನು ಖಂಡಿಸಿದರು. ನ್ಯಾಯಾಲಯ ಅವರಿಗೆ ಮೂರು ವರ್ಷಗಳ ಸೆರೆವಾಸ ವಿಧಿಸಿತು. ಆ ಮಕ್ಕಳು ಮುಂದೆ ಯಾವ ವೈರಸ್ಸನ್ನು ಎದುರಿಸಬೇಕೋ ಬಲ್ಲವರಾರು?

ಇನ್ನು ನಮಗೆ ಸಂಬಂಧಿಸಿದ ವಿಷಯ. ನಮ್ಮ ಮೂರನೆಯ ವರ್ಣತಂತುವಿನ ಒಂದು ತುಣುಕು ಕೋವಿಡ್-೧೯ ಉಲ್ಬಣಿಸುವ ಅಪಾಯವನ್ನು ಹೆಚ್ಚಿಸುತ್ತದೆ. ಅದು ಎಂದೋ ಅಳಿದುಹೋದ ನಿಯಾಂಡರ್ತಾಲ್ ಮಾನವರಿಂದ ಬಂದದ್ದೆಂದು ಹ್ಯೂಗೊ ಜೆಬರ್ಗ್ ಮತ್ತು ಸ್ವಾಂಟೆ ಪೇಬೊ ೨೦೨೦ರಲ್ಲಿ ತೋರಿಸಿದರು. ಯುರೋಪಿನಲ್ಲಿ ನೂರಕ್ಕೆ ಸುಮಾರು ೧೬ ಜನರಲ್ಲಿ, ದಕ್ಷಿಣ ಏಷ್ಯಾದಲ್ಲಿ ಸುಮಾರು ೫೦ ಜನರಲ್ಲಿ ಅದು ಇದೆ. ಗಾಬರಿಯಾಯಿತೇ? ಅದೇ ತುಣುಕು ಎಚ್.ಐ.ವಿ. ಸೋಂಕಿನ ಅಪಾಯವನ್ನು ಕಡಿಮೆ ಮಾಡುತ್ತದೆಂದು ಜೆಬರ್ಗ್ ೨೦೨೨ರಲ್ಲಿ ವರದಿ ಮಾಡಿದರು. ಸಿಸಿಆರ್-೫ ಜೀನು ಇರುವುದೂ ಅದರ ನೆರೆಯಲ್ಲೇ!

ಆದ್ದರಿಂದ ಮಿತ್ರರೇ, 'ನಮ್ಮ ಜನಕ್ಕೆ ಯಾವ ರೋಗವೂ ತಟ್ಟದು' ಎಂಬ ಜಂಬವೂ ಸಲ್ಲದು, 'ನಮ್ಮ ರಕ್ತವೇ ಹೀಗೆ' ಎಂಬ ಕೊರಗೂ ಸಲ್ಲದು. ಜೀನು ಅಪಾಯವನ್ನು ತುಸು ಏರಿಸೀತು, ತುಸು ಇಳಿಸೀತು, ಅದು ಹಣೆಬರಹವಲ್ಲ. ನಾಳೆ ಬರುವ ವೈರಸ್ಸು ಯಾವುದೆಂದು ಹೇಳಲಾಗದು. ಎಲ್ಲರ ಜೀನುಗಳೂ ಒಂದೇ ಆಗಿರದಿರುವುದೇ ಮನುಕುಲಕ್ಕೆ ದೊಡ್ಡ ರಕ್ಷೆ. ಲಸಿಕೆ, ಸೊಳ್ಳೆಪರದೆ, ಕೈತೊಳೆಯುವ ಅಭ್ಯಾಸ ಇವು ಯಾವ ಜೀನಿನವರಿಗೂ ಬೇಕು.